ಪಾಠದ ಪ್ಲಾಸ್ಮಿಡ್, ವಾರ್ಡಿನ ಪ್ಲಾಸ್ಮಿಡ್

ದ್ವಿತೀಯ ಪಿಯುಸಿ ಜೀವಶಾಸ್ತ್ರದ ಪುಸ್ತಕದಲ್ಲಿ ಪಿಬಿಆರ್ 322 ಎಂಬ ಉಂಗುರದ ಚಿತ್ರವೊಂದಿದೆ. ಪ್ರತಿವರ್ಷ ಅದನ್ನು ಬೋರ್ಡಿನ ಮೇಲೆ ಬರೆಯುತ್ತೇನೆ, ವಿದ್ಯಾರ್ಥಿಗಳು ನೋಟ್ಸಿಗೆ ಇಳಿಸಿಕೊಳ್ಳುತ್ತಾರೆ. ಒಂದು ಬದಿಯಲ್ಲಿ ಆಂಪಿಸಿಲಿನ್ ಪ್ರತಿರೋಧ ಜೀನ್, ಇನ್ನೊಂದು ಬದಿಯಲ್ಲಿ ಟೆಟ್ರಾಸೈಕ್ಲಿನ್ ಪ್ರತಿರೋಧ ಜೀನ್, ಅಲ್ಲಲ್ಲಿ ಕಿಣ್ವಗಳು ಕತ್ತರಿಸುವ ಜಾಗಗಳು. ಈ ವರ್ಷ ಹಿಂದಿನ ಬೆಂಚಿನ ವಿದ್ಯಾರ್ಥಿನಿಯೊಬ್ಬಳು ಎದ್ದು ಕೇಳಿದಳು: "ಮಿಸ್, ಈ ಆಂಪಿಸಿಲಿನ್ ಜೀನನ್ನು ವಿಜ್ಞಾನಿಗಳೇ ಲ್ಯಾಬಿನಲ್ಲಿ ತಯಾರಿಸಿದ್ದಾ?"

"ಇಲ್ಲಮ್ಮಾ, ಅದು ರೋಗಿಯ ದೇಹದಲ್ಲಿದ್ದ ಬ್ಯಾಕ್ಟೀರಿಯಾದಿಂದ ಬಂದದ್ದು" ಎನ್ನುವಷ್ಟರಲ್ಲಿ ಬೆಲ್ ಆಯಿತು. ಉಳಿದ ಉತ್ತರವನ್ನು ಇಲ್ಲಿ ಬರೆಯುತ್ತಿದ್ದೇನೆ. ಕಲಾ ಮತ್ತು ವಾಣಿಜ್ಯ ವಿಭಾಗದವರೂ ಓದಬೇಕೆಂದು ಮೊದಲಿನಿಂದಲೇ ಶುರು ಮಾಡುತ್ತೇನೆ. ಪರೀಕ್ಷೆಗಿಂತ ನಮ್ಮ ಮನೆಗಳಿಗೆ ಹೆಚ್ಚು ಸಂಬಂಧಪಟ್ಟ ವಿಷಯವಿದು.

ಮೊದಲು ಒಂದು ತಪ್ಪು ತಿಳಿವಳಿಕೆಯನ್ನು ದೂರ ಮಾಡಬೇಕು. "ನನಗೆ ಆ ಮಾತ್ರೆ ಹಿಡಿಯುವುದಿಲ್ಲ, ಮೈ ಅದಕ್ಕೆ ಒಗ್ಗಿಹೋಗಿದೆ" ಎಂದು ಹಿರಿಯರು ಹೇಳುವುದನ್ನು ಕೇಳಿರುತ್ತೀರಿ. ಆಂಟಿಬಯೋಟಿಕ್ ವಿಷಯದಲ್ಲಿ ಒಗ್ಗಿಹೋಗುವುದು ನಮ್ಮ ಮೈಯಲ್ಲ, ಮೈಯೊಳಗಿನ ಬ್ಯಾಕ್ಟೀರಿಯಾ. ಹಾಗಾಗಿ ಜೀವನದಲ್ಲಿ ಒಂದೂ ಆಂಟಿಬಯೋಟಿಕ್ ನುಂಗದ ಮಗುವಿಗೂ ಔಷಧಿಗೆ ಬಗ್ಗದ ಸೋಂಕು ತಗಲಬಹುದು. ಐಸಿಯುನಲ್ಲಿ ಯಾರಾದರೂ ಇದ್ದ ಮನೆಯವರು ಕಲ್ಚರ್ ರಿಪೋರ್ಟ್ ನೋಡಿರುತ್ತಾರೆ. ಔಷಧಿಗಳ ಹೆಸರು ಸಾಲಾಗಿ, ಪ್ರತಿಯೊಂದರ ಮುಂದೆ 'ಎಸ್' ಅಥವಾ 'ಆರ್' ಎಂಬ ಅಕ್ಷರ. 'ಎಸ್' ಎಂದರೆ ಆ ಬ್ಯಾಕ್ಟೀರಿಯಾ ಆ ಔಷಧಿಗೆ ಸಾಯುತ್ತದೆ, 'ಆರ್' ಎಂದರೆ ಸಾಯುವುದಿಲ್ಲ. ಮೇಲಿನಿಂದ ಕೆಳಗಿನವರೆಗೆ 'ಆರ್' ಮಾತ್ರ ಇರುವ ರಿಪೋರ್ಟನ್ನು ಕೈಯಲ್ಲಿ ಹಿಡಿದು ವೈದ್ಯರ ಮುಖ ನೋಡುವ ಸ್ಥಿತಿ ಯಾರಿಗೂ ಬಾರದಿರಲಿ. 2019ರ ಒಂದೇ ವರ್ಷದಲ್ಲಿ ಪ್ರಪಂಚದಾದ್ಯಂತ ಸುಮಾರು 12.7 ಲಕ್ಷ ಸಾವುಗಳಿಗೆ ಔಷಧ ಪ್ರತಿರೋಧವೇ ನೇರ ಕಾರಣವೆಂದು ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂದ ಅಧ್ಯಯನ ಅಂದಾಜಿಸಿದೆ.

ಒಂದು ಬ್ಯಾಕ್ಟೀರಿಯಾ ಇಷ್ಟೊಂದು ಔಷಧಿಗಳನ್ನು ಎದುರಿಸಲು ಕಲಿಯುವುದು ಹೇಗೆ? ಡಿಎನ್‌ಎ ನಕಲಾಗುವಾಗ ಆಗುವ ತಪ್ಪಿನಿಂದ, ಅಂದರೆ ಮ್ಯುಟೇಷನ್‌ನಿಂದ, ಎಂದು ತಟ್ಟನೆ ಉತ್ತರಿಸುತ್ತೇವೆ. ಅದು ಸುಳ್ಳಲ್ಲ. ಇ. ಕೋಲೈ ಬ್ಯಾಕ್ಟೀರಿಯಾ ಅನುಕೂಲ ಸಿಕ್ಕರೆ 20 ನಿಮಿಷಕ್ಕೊಮ್ಮೆ ಎರಡಾಗುತ್ತದೆ. ಆ ಲೆಕ್ಕದಲ್ಲಿ 10 ಗಂಟೆಯಲ್ಲಿ ಒಂದರಿಂದ ನೂರು ಕೋಟಿ ದಾಟುತ್ತದೆ, ಅಷ್ಟರಲ್ಲಿ ಒಂದಿಷ್ಟು ತಪ್ಪು ಆಗಿಯೇ ಆಗುತ್ತದೆ. ಆದರೆ ಹೀಗೆ ಆಕಸ್ಮಿಕವಾಗಿ ಒಂದು ಔಷಧಿಯಿಂದ ತಪ್ಪಿಸಿಕೊಳ್ಳಬಹುದು, ನಾಲ್ಕೈದು ಬೇರೆ ಬೇರೆ ಔಷಧಿಗಳಿಂದ ಒಟ್ಟಿಗೆ ತಪ್ಪಿಸಿಕೊಳ್ಳುವುದು ಬಲು ಅಪರೂಪ.

ಇದೇ ಒಗಟು ಎರಡನೇ ಮಹಾಯುದ್ಧದ ನಂತರ ಜಪಾನಿನ ವೈದ್ಯರನ್ನು ಕಾಡಿತು. ಅಲ್ಲಿ ಶಿಗೆಲ್ಲಾ ಬ್ಯಾಕ್ಟೀರಿಯಾದಿಂದ ಬರುವ ರಕ್ತಭೇದಿ ವಿಪರೀತವಾಗಿತ್ತು. 1950ರ ದಶಕದ ನಡುವಿನ ಹೊತ್ತಿಗೆ ಸಲ್ಫಾ, ಸ್ಟ್ರೆಪ್ಟೊಮೈಸಿನ್, ಟೆಟ್ರಾಸೈಕ್ಲಿನ್, ಕ್ಲೋರಾಂಫೆನಿಕಾಲ್ ಈ ನಾಲ್ಕಕ್ಕೂ ಬಗ್ಗದ ಶಿಗೆಲ್ಲಾ ಕಾಣಿಸಿಕೊಂಡಿತು. ವಿಚಿತ್ರವೆಂದರೆ ಅದೇ ರೋಗಿಯ ಮಲದಲ್ಲಿದ್ದ, ಯಾವ ರೋಗವನ್ನೂ ತರದ ಸಾಧು ಇ. ಕೋಲೈಗೂ ಅದೇ ನಾಲ್ಕು ಔಷಧಿಗಳ ಪ್ರತಿರೋಧ ಇತ್ತು. ಎರಡು ಬೇರೆ ಬೇರೆ ಜಾತಿಯ ಬ್ಯಾಕ್ಟೀರಿಯಾ, ತಪ್ಪದೆ ಅವೇ ನಾಲ್ಕು ಔಷಧಿ. ಪರೀಕ್ಷೆಯಲ್ಲಿ ಅಕ್ಕಪಕ್ಕ ಕೂತ ಇಬ್ಬರ ಉತ್ತರ ಪತ್ರಿಕೆಯಲ್ಲಿ ಒಂದೇ ತಪ್ಪು ಕಂಡರೆ ನಾವು ಏನು ಊಹಿಸುತ್ತೇವೆ? ಅಲ್ಲಿನ ಸಂಶೋಧಕರಿಗೂ ಅದೇ ಅನುಮಾನ ಬಂತು. 1959ರಲ್ಲಿ ಒಚಿಯಾಯ್ ಮತ್ತು ಅಕಿಬಾ ಅವರ ತಂಡಗಳು ಪ್ರತಿರೋಧವಿದ್ದ ಇ. ಕೋಲೈ ಮತ್ತು ಪ್ರತಿರೋಧವಿಲ್ಲದ ಶಿಗೆಲ್ಲಾ ಎರಡನ್ನೂ ಒಂದೇ ಕಡೆ ಬೆಳೆಸಿ ನೋಡಿದವು. ನಾಲ್ಕೂ ಪ್ರತಿರೋಧಗಳು ಒಟ್ಟಿಗೇ ಶಿಗೆಲ್ಲಾಗೆ ದಾಟಿದ್ದವು. ಟ್ಸುಟೊಮು ವಾಟನಾಬೆ 1963ರಲ್ಲಿ ಈ ಕೆಲಸವನ್ನೆಲ್ಲ ಇಂಗ್ಲಿಷಿನಲ್ಲಿ ಕ್ರೋಡೀಕರಿಸಿ ಬರೆದ ಮೇಲೆ ಉಳಿದ ಜಗತ್ತು ಅದನ್ನು ಗಂಭೀರವಾಗಿ ತೆಗೆದುಕೊಂಡಿತು. ಸೋಂಕಿನಂತೆ ಹರಡುವ ಆನುವಂಶಿಕತೆ ಎಂದು ಅವರು ಅದನ್ನು ಕರೆದರು.

ದಾಟಿದ್ದು ಪ್ಲಾಸ್ಮಿಡ್. ಬ್ಯಾಕ್ಟೀರಿಯಾದ ಮುಖ್ಯ ಡಿಎನ್‌ಎ ಒಂದು ದೊಡ್ಡ ಪುಸ್ತಕವಾದರೆ ಪ್ಲಾಸ್ಮಿಡ್ ಅದರೊಳಗಿಟ್ಟ ಸಣ್ಣ ಚೀಟಿ. ದಿನನಿತ್ಯದ ಬದುಕಿಗೆ ಅದು ಬೇಕೇಬೇಕೆಂದಿಲ್ಲ. ಆದರೆ ಹಲವು ಪ್ಲಾಸ್ಮಿಡ್‌ಗಳಲ್ಲಿ ತಮ್ಮನ್ನು ತಾವೇ ಇನ್ನೊಂದು ಜೀವಕೋಶಕ್ಕೆ ರವಾನಿಸಿಕೊಳ್ಳುವ ಜೀನ್‌ಗಳಿರುತ್ತವೆ. ಪ್ಲಾಸ್ಮಿಡ್ ಇರುವ ಬ್ಯಾಕ್ಟೀರಿಯಾ ಪೈಲಸ್ ಎಂಬ ನೂಲಿನಂಥ ರಚನೆಯನ್ನು ಚಾಚಿ ಪಕ್ಕದ ಬ್ಯಾಕ್ಟೀರಿಯಾವನ್ನು ಹಿಡಿದು ಹತ್ತಿರಕ್ಕೆ ಎಳೆದುಕೊಳ್ಳುತ್ತದೆ. ಪ್ಲಾಸ್ಮಿಡ್‌ನ ಎರಡು ಎಳೆಗಳಲ್ಲಿ ಒಂದನ್ನು ಕತ್ತರಿಸಿ ಪಕ್ಕದ ಕೋಶಕ್ಕೆ ಕಳಿಸುತ್ತದೆ. ಎರಡೂ ಕಡೆ ಇಲ್ಲದ ಎಳೆಯನ್ನು ಹೊಸದಾಗಿ ಹೆಣೆದುಕೊಳ್ಳುವುದರಿಂದ ಕೊನೆಗೆ ಇಬ್ಬರ ಬಳಿಯೂ ಪೂರ್ತಿ ಪ್ಲಾಸ್ಮಿಡ್ ಇರುತ್ತದೆ. ಕೊಟ್ಟವನಿಗೆ ನಷ್ಟವಿಲ್ಲ, ಪಡೆದವನು ಮರುಗಳಿಗೆಯಿಂದ ತಾನೂ ಹಂಚಬಲ್ಲ. ಇದೇ ಕಾಂಜುಗೇಷನ್. ಬ್ಯಾಕ್ಟೀರಿಯಾ ಹೀಗೆ ಜೀನ್ ಕೊಟ್ಟು ತೆಗೆದುಕೊಳ್ಳುತ್ತವೆ ಎಂಬುದನ್ನು ಲೆಡರ್‌ಬರ್ಗ್ ಮತ್ತು ಟೇಟಮ್ 1946ರಲ್ಲೇ ತೋರಿಸಿದ್ದರು. ಆದರೆ ಆಸ್ಪತ್ರೆಯ ರೋಗಿಗಳ ಹೊಟ್ಟೆಯಲ್ಲಿ ಅದು ಇಷ್ಟು ಬಿರುಸಾಗಿ ನಡೆಯುತ್ತಿರಬಹುದೆಂದು ಯಾರೂ ಎಣಿಸಿರಲಿಲ್ಲ. ಬ್ಯಾಕ್ಟೀರಿಯಾಗಳ ನಡುವೆ ಜೀನ್ ದಾಟಲು ಬೇರೆ ದಾರಿಗಳೂ ಇವೆ. ಸತ್ತ ಕೋಶದ ಡಿಎನ್‌ಎಯನ್ನು ಬದುಕಿರುವುದು ಹೀರಿಕೊಳ್ಳುವುದನ್ನು ಗ್ರಿಫಿತ್ ಪ್ರಯೋಗದಲ್ಲಿ ಓದಿದ್ದೀರಿ, ವೈರಸ್‌ಗಳೂ ಹೊತ್ತೊಯ್ಯುತ್ತವೆ. ಆದರೂ ಆಸ್ಪತ್ರೆಗಳಲ್ಲಿ ದೊಡ್ಡ ಪಾತ್ರ ಪ್ಲಾಸ್ಮಿಡ್‌ಗಳದ್ದೇ.

ಪ್ಲಾಸ್ಮಿಡ್ ಮೇಲಿನ ಜೀನ್‌ಗಳೂ ಕೂತಲ್ಲೇ ಕೂರುವುದಿಲ್ಲ. ಬಾರ್ಬರಾ ಮೆಕ್ಲಿಂಟಾಕ್ ಮೆಕ್ಕೆಜೋಳದಲ್ಲಿ ಕಂಡುಹಿಡಿದ ನೆಗೆಯುವ ಜೀನ್‌ಗಳಂಥವು ಬ್ಯಾಕ್ಟೀರಿಯಾದಲ್ಲೂ ಇವೆ. ಟ್ರಾನ್ಸ್‌ಪೊಸಾನ್ ಎಂಬ ಈ ತುಂಡುಗಳು ಒಂದು ಪ್ಲಾಸ್ಮಿಡ್‌ನಿಂದ ಇನ್ನೊಂದಕ್ಕೆ ಹಾರುತ್ತವೆ. ಹೀಗೆ ಬೇರೆ ಬೇರೆ ಕಡೆಯ ಪ್ರತಿರೋಧ ಜೀನ್‌ಗಳು ಬಂದು ಬಂದು ಒಂದೇ ಪ್ಲಾಸ್ಮಿಡ್‌ನಲ್ಲಿ ಸೇರುತ್ತವೆ. ಕಲ್ಚರ್ ರಿಪೋರ್ಟಿನಲ್ಲಿ ಸಾಲು ಸಾಲು 'ಆರ್' ಕಾಣುವುದಕ್ಕೆ ಬಹುಪಾಲು ಇದೇ ಕಾರಣ.

ಈಗ ವಿದ್ಯಾರ್ಥಿನಿಯ ಪ್ರಶ್ನೆಗೆ ಬರೋಣ. ಲಂಡನ್ನಿನ ಹ್ಯಾಮರ್‌ಸ್ಮಿತ್ ಆಸ್ಪತ್ರೆಯಲ್ಲಿ 1959ರಲ್ಲಿ ಸಾಲ್ಮೊನೆಲ್ಲಾ ಸೋಂಕು ಹಬ್ಬಿತ್ತು. ಅಲ್ಲಿನ ಬ್ಯಾಕ್ಟೀರಿಯಾ ತಜ್ಞೆ ನವೋಮಿ ದತ್ತಾ ಅದನ್ನು ಪರೀಕ್ಷಿಸಿ, ಜಪಾನಿನಲ್ಲಿ ಕಂಡಂಥ ದಾಟುವ ಪ್ರತಿರೋಧ ಇಂಗ್ಲೆಂಡಿನಲ್ಲೂ ಇದೆ ಎಂದು 1962ರಲ್ಲಿ ಪ್ರಕಟಿಸಿದರು. ಆಮೇಲೆ 1960ರ ದಶಕದಲ್ಲೇ ಅಥೆನ್ಸಿನ ರೋಗಿಯೊಬ್ಬರ ಇ. ಕೋಲೈಯಲ್ಲಿ ಆಂಪಿಸಿಲಿನ್ ಒಡೆಯುವ ಕಿಣ್ವದ ಜೀನ್ ಪ್ಲಾಸ್ಮಿಡ್ ಮೇಲೆ ಸಿಕ್ಕಿತು. ಆ ರೋಗಿಯ ಹೆಸರಿನ ಮೊದಲ ಅಕ್ಷರಗಳಿಂದಲೇ ಅದಕ್ಕೆ 'ಟೆಮ್' ಎಂದು ಹೆಸರಾಯಿತು. ಅದೇ ಕಿಣ್ವದ ಜೀನ್ ಲಂಡನ್ನಿನಲ್ಲಿ ದೊರೆತ ಸಾಲ್ಮೊನೆಲ್ಲಾದ ಆರ್1 ಎಂಬ ಪ್ಲಾಸ್ಮಿಡ್‌ನಲ್ಲೂ ಇತ್ತು. 1977ರಲ್ಲಿ ಬೊಲಿವಾರ್ ಮತ್ತು ರೋಡ್ರಿಗಸ್ ಪಿಬಿಆರ್ 322 ಕಟ್ಟುವಾಗ ಬಳಸಿದ ಆಂಪಿಸಿಲಿನ್ ಜೀನಿನ ಮೂಲ ಈ ಆರ್1. ನೀವು ನೋಟ್ಸಿನಲ್ಲಿ ಬರೆದುಕೊಳ್ಳುವ ಉಂಗುರದ ಒಂದು ತುಂಡು ಹೀಗೆ ಒಬ್ಬ ರೋಗಿಯಿಂದ ಬಂದದ್ದು. ಪಿಬಿಆರ್ 322ಗೆ ತಾನಾಗಿ ದಾಟುವ ಶಕ್ತಿ ಇಲ್ಲದಂತೆ ಆ ಜೀನ್‌ಗಳನ್ನು ಬಿಟ್ಟು ಕಟ್ಟಿದ್ದಾರೆ, ಅಷ್ಟೇ ವ್ಯತ್ಯಾಸ.

ಅಷ್ಟು ಹೊತ್ತಿಗೆ ಆಂಪಿಸಿಲಿನ್‌ಗಿಂತ ಬಲವಾದ ಔಷಧಿಗಳು ಬರತೊಡಗಿದ್ದವು. ಅವಕ್ಕೂ ಪ್ರತಿರೋಧ ಬಂದ ಮೇಲೆ ವೈದ್ಯರ ಕೈಯಲ್ಲಿ ಉಳಿದದ್ದು ಕಾರ್ಬಪೆನೆಮ್ ಗುಂಪು: ಇಮಿಪೆನೆಮ್, ಮೆರೊಪೆನೆಮ್ ಮುಂತಾದ ಐಸಿಯು ಇಂಜೆಕ್ಷನ್‌ಗಳು. ಇಲ್ಲಿಂದ ಕಥೆ ನಮ್ಮ ದೇಶಕ್ಕೆ ಬರುತ್ತದೆ. ದೆಹಲಿಯಲ್ಲಿ ಆಸ್ಪತ್ರೆಗೆ ದಾಖಲಾಗಿದ್ದ, ಸ್ವೀಡನ್ನಿನಲ್ಲಿ ನೆಲೆಸಿದ ಭಾರತೀಯ ಮೂಲದ ವ್ಯಕ್ತಿಯೊಬ್ಬರು 2008ರ ಜನವರಿಯಲ್ಲಿ ಅಲ್ಲಿನ ಆಸ್ಪತ್ರೆಯಲ್ಲಿದ್ದರು. ಅವರ ಮೂತ್ರದಲ್ಲಿ ಕಾರ್ಬಪೆನೆಮ್‌ಗೆ ಬಗ್ಗದ ಕ್ಲೆಬ್ಸಿಯೆಲ್ಲಾ ಸಿಕ್ಕಿತು. ಕಾರಣ ಅದುವರೆಗೆ ಕಾಣದ ಹೊಸ ಕಿಣ್ವ. ನಡುವೆ ಸತುವಿನ ಅಯಾನುಗಳನ್ನು ಇಟ್ಟುಕೊಂಡು ಔಷಧಿಯ ಬೀಟಾ-ಲ್ಯಾಕ್ಟಮ್ ಉಂಗುರವನ್ನೇ ಒಡೆದುಹಾಕುತ್ತದೆ. ನ್ಯೂಡೆಲ್ಲಿ ಹೆಸರನ್ನು ಸೇರಿಸಿ ಅದಕ್ಕೆ ಎನ್‌ಡಿಎಂ-1 ಎಂದು ಹೆಸರಿಟ್ಟರು. ನನಗೆ ಆ ವರದಿಯಲ್ಲಿ ಮುಖ್ಯವೆನಿಸಿದ್ದು ಬೇರೆ ಸಂಗತಿ. ಅದೇ ರೋಗಿಯ ಮಲದಲ್ಲಿದ್ದ ಇ. ಕೋಲೈಯಲ್ಲೂ ಅದೇ ಜೀನ್ ಇತ್ತು, ಆದರೆ ಅಲ್ಲಿನ ಪ್ಲಾಸ್ಮಿಡ್‌ನ ಗಾತ್ರ ಬೇರೆ. ಜಪಾನಿನ ಕಥೆಯೇ ಐವತ್ತು ವರ್ಷದ ನಂತರ ಮತ್ತೆ ನಡೆದಿತ್ತು.

2010ರ ಆಗಸ್ಟಿನಲ್ಲಿ ಮದ್ರಾಸ್ ವಿಶ್ವವಿದ್ಯಾಲಯದ ಕಾರ್ತಿಕೇಯನ್ ಕುಮಾರಸಾಮಿ ಮತ್ತು ಸಂಗಡಿಗರ ಲೇಖನ ಬಂತು. ಎನ್‌ಡಿಎಂ-1 ಹೊತ್ತ ಬ್ಯಾಕ್ಟೀರಿಯಾ ಚೆನ್ನೈಯಲ್ಲಿ 44, ಹರಿಯಾಣದಲ್ಲಿ 26, ಬ್ರಿಟನ್ನಿನಲ್ಲಿ 37 ಮಾದರಿಗಳಲ್ಲಿ ಸಿಕ್ಕಿದ್ದವು. ಬ್ರಿಟನ್ನಿನ ರೋಗಿಗಳಲ್ಲಿ ಹಲವರು ಭಾರತ ಅಥವಾ ಪಾಕಿಸ್ತಾನಕ್ಕೆ ಬಂದು ಹೋದವರು. ನಮ್ಮ ರಾಜಧಾನಿಯ ಹೆಸರಿಟ್ಟಿದ್ದಕ್ಕೆ ಇಲ್ಲಿ ದೊಡ್ಡ ಗದ್ದಲವೆದ್ದಿತು, ಸರಕಾರವೂ ಆಕ್ಷೇಪಿಸಿತು. ಹೆಸರಿನ ಬಗ್ಗೆ ಬೇಸರವಾಗುವುದು ಸಹಜ. ಆದರೆ ಹೆಸರಿನ ಜಗಳದಲ್ಲಿ ಜೀನಿನ ಮಾತು ಹಿಂದೆ ಬಿತ್ತು ಎಂಬುದು ನನ್ನ ಅಭಿಪ್ರಾಯ. ಮರುವರ್ಷ ಪ್ರಕಟವಾದ ಇನ್ನೊಂದು ಅಧ್ಯಯನದಲ್ಲಿ ದೆಹಲಿಯ ರಸ್ತೆಬದಿಯಲ್ಲಿ ನಿಂತ ನೀರಿನ 171 ಮಾದರಿಗಳಲ್ಲಿ 51ರಲ್ಲಿ, ನಲ್ಲಿ ನೀರಿನ 50 ಮಾದರಿಗಳಲ್ಲಿ 2ರಲ್ಲಿ ಆ ಜೀನ್ ಇತ್ತು. ರಕ್ತಭೇದಿ ತರುವ ಶಿಗೆಲ್ಲಾಗೂ, ಕಾಲರಾ ತರುವ ವಿಬ್ರಿಯೊಗೂ ಅದು ದಾಟಿತ್ತು. ಲ್ಯಾಬಿನಲ್ಲಿ ಪರೀಕ್ಷಿಸಿದಾಗ ಈ ಪ್ಲಾಸ್ಮಿಡ್‌ಗಳು 25 ಅಥವಾ 37 ಡಿಗ್ರಿಗಿಂತ 30 ಡಿಗ್ರಿ ಸೆಲ್ಸಿಯಸ್‌ನಲ್ಲಿ ಹೆಚ್ಚು ದಾಟುತ್ತಿದ್ದವು. ಮನುಷ್ಯನ ಮೈಯ ಬಿಸಿ 37 ಡಿಗ್ರಿ. 30 ಡಿಗ್ರಿ ಎಂದರೆ ನಮ್ಮ ಊರುಗಳ ಚರಂಡಿಯಲ್ಲಿ ವರ್ಷದ ಬಹುಕಾಲ ಇರುವ ಬಿಸಿ.

ಹಾಗಾದರೆ ಆಸ್ಪತ್ರೆಯನ್ನೇ ಏಕೆ ದೂರುತ್ತೇವೆ? ಏಕೆಂದರೆ ಜೀನ್ ದಾಟಲು ಬೇಕಾದ ಎಲ್ಲವೂ ಅಲ್ಲಿ ಒಂದೇ ಕಡೆ ಸಿಗುತ್ತದೆ. ಊರೂರಿನ ಬ್ಯಾಕ್ಟೀರಿಯಾ ರೋಗಿಗಳ ಜೊತೆ ಬಂದು ಸೇರುತ್ತವೆ. ಬಲವಾದ ಆಂಟಿಬಯೋಟಿಕ್ ಹಗಲಿರುಳು ನಡೆಯುತ್ತಿರುತ್ತದೆ. ರೋಗಿಯ ಕರುಳಿನಲ್ಲಿರುವ ಕೋಟ್ಯಂತರ ಬ್ಯಾಕ್ಟೀರಿಯಾಗಳಲ್ಲಿ ಪ್ರತಿರೋಧವಿಲ್ಲದವು ಸತ್ತು ಜಾಗ ಖಾಲಿಯಾದಾಗ ಪ್ಲಾಸ್ಮಿಡ್ ಪಡೆದವು ಆ ಜಾಗವನ್ನು ತುಂಬುತ್ತವೆ. ರೋಗಿಗೆ ಏನೂ ತಿಳಿಯುವುದಿಲ್ಲ. ಮುಂದೆ ಮೂತ್ರದ ಪೈಪೋ ಡ್ರಿಪ್ ಸೂಜಿಯೋ ದಾರಿ ಮಾಡಿಕೊಟ್ಟಾಗ ಮಾತ್ರ ಅದು ಸೋಂಕಾಗುತ್ತದೆ. 2002ರಲ್ಲಿ ಅಮೆರಿಕದ ಮಿಷಿಗನ್‌ನಲ್ಲಿ ಡಯಾಲಿಸಿಸ್‌ನಲ್ಲಿದ್ದ ಮಧುಮೇಹಿಯೊಬ್ಬರಲ್ಲಿ ಎಂಟೆರೊಕಾಕಸ್‌ನಿಂದ ಸ್ಟಫೈಲೊಕಾಕಸ್‌ಗೆ ವ್ಯಾಂಕೊಮೈಸಿನ್ ಪ್ರತಿರೋಧದ ಜೀನ್ ದಾಟಿದ್ದು ಹೀಗೆಯೇ: ಎರಡೂ ಬ್ಯಾಕ್ಟೀರಿಯಾ ಒಬ್ಬರಲ್ಲೇ ಇದ್ದವು, ಔಷಧಿಯೂ ನಡೆದಿತ್ತು.

ಇನ್ನೊಂದು ಕೂಡುತಾಣ ಯಾರೂ ಎಣಿಸದ್ದು: ವಾರ್ಡಿನ ಸಿಂಕ್. ಅಮೆರಿಕದ ಬೆಥೆಸ್ಡಾದ ರಾಷ್ಟ್ರೀಯ ಆರೋಗ್ಯ ಸಂಸ್ಥೆಗಳ ಆಸ್ಪತ್ರೆಗೆ 2011ರ ಜೂನ್‌ನಲ್ಲಿ ಬಂದ ಒಬ್ಬ ರೋಗಿಯಿಂದ ಕಾರ್ಬಪೆನೆಮ್‌ಗೆ ಬಗ್ಗದ ಕ್ಲೆಬ್ಸಿಯೆಲ್ಲಾ ಒಟ್ಟು 18 ಮಂದಿಗೆ ಹರಡಿತು. ಅವರಲ್ಲಿ 11 ಮಂದಿ ತೀರಿಕೊಂಡರು, 6 ಸಾವುಗಳಿಗೆ ಈ ಸೋಂಕೇ ಕಾರಣವೆಂದು ತೀರ್ಮಾನಿಸಿದರು. ಹಣಕ್ಕೂ ಪರಿಣತಿಗೂ ಕೊರತೆಯಿಲ್ಲದ ಆಸ್ಪತ್ರೆ ಅದು. ಹುಡುಕಿದಾಗ ಶುಚಿಗೊಳಿಸಿಟ್ಟ ವೆಂಟಿಲೇಟರ್ ಮೇಲೂ ಸಿಂಕಿನ ಕೊಳವೆಗಳಲ್ಲೂ ಅದೇ ಬ್ಯಾಕ್ಟೀರಿಯಾ ಇತ್ತು. ಸಿಂಕಿನ ಕೆಳಗೆ ಬಾಗಿದ ಕೊಳವೆಯಲ್ಲಿ ಸದಾ ನೀರು ನಿಂತಿರುತ್ತದೆ, ಅದರ ಒಳಗೋಡೆಗೆ ಲೋಳೆಯ ಪದರ ಕಟ್ಟುತ್ತದೆ. ನಾನಾ ಜಾತಿಯ ಬ್ಯಾಕ್ಟೀರಿಯಾ ಆ ಪದರದಲ್ಲಿ ಮೈಗೆ ಮೈ ತಾಗಿಸಿಕೊಂಡು ಇರುತ್ತವೆ, ಪ್ಲಾಸ್ಮಿಡ್ ಹಂಚಲು ಇದಕ್ಕಿಂತ ಬೇರೆ ಅನುಕೂಲ ಬೇಡ. ವರ್ಜೀನಿಯಾ ವಿಶ್ವವಿದ್ಯಾಲಯದವರು ಹೊಳೆಯುವ ಇ. ಕೋಲೈಯನ್ನು ಆ ಬಾಗುಕೊಳವೆಗೆ ಹಾಕಿ ಗಮನಿಸಿದರು. ಪೋಷಕಾಂಶ ಸಿಕ್ಕಾಗ ಅದು ದಿನಕ್ಕೆ ಸುಮಾರು ಒಂದು ಇಂಚಿನಂತೆ ಕೊಳವೆಯಲ್ಲಿ ಮೇಲೇರಿ ಒಂದು ವಾರದಲ್ಲಿ ಸಿಂಕಿನ ಜಾಲರಿ ಮುಟ್ಟಿತು. ಆಮೇಲೆ ನಲ್ಲಿ ತಿರುಗಿಸಿದರೆ ಸಾಕು, ನೀರು ಬಿದ್ದ ರಭಸಕ್ಕೆ ಸುತ್ತಲೂ ಸಿಡಿಯುತ್ತಿತ್ತು.

ಇದನ್ನು ಓದಿದಾಗ ನನಗೆ ನಮ್ಮ ಅಭ್ಯಾಸವೇ ಕಣ್ಣಮುಂದೆ ಬಂತು. ರೋಗಿ ಬಿಟ್ಟ ಗಂಜಿ, ಚಹಾ, ಜ್ಯೂಸು ಎಲ್ಲವನ್ನೂ ಕೈ ತೊಳೆಯುವ ಸಿಂಕಿಗೇ ಸುರಿಯುತ್ತೇವೆ. ಕೊಳವೆಯೊಳಗಿನ ಬ್ಯಾಕ್ಟೀರಿಯಾಕ್ಕೆ ಅದು ಊಟ.

ರೋಗಿಯನ್ನು ನೋಡಲು ಹೋಗುವುದು ನಮ್ಮಲ್ಲಿ ಸುನ್ನತ್. ಶುಕ್ರವಾರ ಜುಮಾ ಮುಗಿಸಿ ಐದಾರು ಮಂದಿ ಒಟ್ಟಿಗೆ ಹೋಗುತ್ತೇವೆ. ಮಂಚದ ಕಂಬಿ ಹಿಡಿದು ದುಆ ಮಾಡಿ, ಕೈ ಕುಲುಕಿ, ಪಕ್ಕದ ಮಂಚದವರನ್ನೂ ಮಾತಾಡಿಸಿ ಬರುತ್ತೇವೆ. ಹೋಗಬಾರದೆಂದು ನಾನು ಹೇಳುವುದಿಲ್ಲ, ಹೇಳಿದರೂ ಯಾರೂ ಕೇಳಲಾರರು. ಆದರೆ ಒಂದು ಮಂಚದಿಂದ ಇನ್ನೊಂದಕ್ಕೆ ಪ್ಲಾಸ್ಮಿಡ್ ಹೋಗಲು ಕೈಗಿಂತ ಹತ್ತಿರದ ದಾರಿ ಇಲ್ಲ. ವಿಶ್ವ ಆರೋಗ್ಯ ಸಂಸ್ಥೆ ಆಸ್ಪತ್ರೆ ಸಿಬ್ಬಂದಿಗೆ ಹೇಳುವ ಐದು ಸಂದರ್ಭಗಳಲ್ಲಿ ಕೊನೆಯದು ರೋಗಿಯ ಸುತ್ತಲಿನ ವಸ್ತುಗಳನ್ನು ಮುಟ್ಟಿದ ನಂತರದ ಕೈ ಶುದ್ಧಿ. ಅಂದರೆ ರೋಗಿಯನ್ನು ಮುಟ್ಟದೆ ಬರೀ ಕಂಬಿ ಮುಟ್ಟಿದರೂ ಕೈ ತೊಳೆಯಬೇಕು. ದಿನಕ್ಕೆ ಐದು ಸಲ ವುಝೂ ಮಾಡುವ ನಮಗೆ ಕೈ ತೊಳೆಯುವುದನ್ನು ಕಲಿಸಬೇಕಾಗಿಲ್ಲ, ವಾರ್ಡಿನಿಂದ ಬಂದಾಗ ಸೋಪನ್ನೂ ಸೇರಿಸಿಕೊಳ್ಳಬೇಕು ಅಷ್ಟೇ. ಸ್ಯಾನಿಟೈಸರ್‌ನಲ್ಲಿ ಆಲ್ಕೋಹಾಲ್ ಇದೆಯಲ್ಲ ಎಂದು ಹಿಂಜರಿಯುವ ಹಿರಿಯರು ಮನೆಯಲ್ಲಿದ್ದರೆ, ಸೌದಿ ಅರೇಬಿಯಾದ ಆಸ್ಪತ್ರೆಗಳಲ್ಲೂ ಅದನ್ನೇ ಬಳಸುತ್ತಾರೆ ಎಂದು ತಿಳಿಸಿ. ವಿಶ್ವ ಆರೋಗ್ಯ ಸಂಸ್ಥೆ 2009ರ ಕೈ ಶುದ್ಧಿಯ ಮಾರ್ಗಸೂಚಿಯಲ್ಲಿ ಈ ಧಾರ್ಮಿಕ ಪ್ರಶ್ನೆಯನ್ನೇ ಎತ್ತಿಕೊಂಡು ಚರ್ಚಿಸಿದೆ.

ಮನೆಯ ಮಾತ್ರೆಗೂ ಆಸ್ಪತ್ರೆಯ ಜೀನಿಗೂ ಏನು ಸಂಬಂಧ ಎಂದು ಕೇಳಬಹುದು. ನೆಗಡಿಗೆ ಮೆಡಿಕಲ್‌ನಿಂದ ತಂದ ಎರಡು ದಿನದ ಆಂಟಿಬಯೋಟಿಕ್ ನೆಗಡಿಯ ವೈರಸ್ಸನ್ನು ಮುಟ್ಟುವುದಿಲ್ಲ, ಕರುಳಿನ ಬ್ಯಾಕ್ಟೀರಿಯಾವನ್ನು ಮುಟ್ಟುತ್ತದೆ. ಅಲ್ಲಿ ಪ್ಲಾಸ್ಮಿಡ್ ಹೊತ್ತದ್ದು ಒಂದಿದ್ದರೂ ಅದಕ್ಕೆ ದಾರಿ ಸುಗಮವಾಗುತ್ತದೆ. ಅದೇ ಪ್ಲಾಸ್ಮಿಡ್ ಮೇಲೆ ಬೇರೆ ನಾಲ್ಕು ಔಷಧಿಗಳ ಪ್ರತಿರೋಧವೂ ಇದ್ದರೆ, ನಾವು ನುಂಗದ ಔಷಧಿಗಳ ಪ್ರತಿರೋಧವನ್ನೂ ನಾವೇ ಸಾಕಿದಂತಾಗುತ್ತದೆ. ಮುಂದೆ ಅಪೆಂಡಿಕ್ಸ್ ಆಪರೇಷನ್ನಿಗೋ ಹೆರಿಗೆಗೋ ಆಸ್ಪತ್ರೆಗೆ ಹೋದಾಗ ಅದನ್ನು ಹೊಟ್ಟೆಯಲ್ಲಿಟ್ಟುಕೊಂಡೇ ಹೋಗುತ್ತೇವೆ. 'ಕೋರ್ಸ್ ಪೂರ್ತಿ ಮಾಡಿ' ಎಂಬ ಮಾತು ಎಲ್ಲರಿಗೂ ಬಾಯಿಪಾಠ. ಅದಕ್ಕಿಂತ 'ಬೇಡದ ಕೋರ್ಸ್ ಶುರುವೇ ಮಾಡಬೇಡಿ' ಎಂಬುದನ್ನು ಮೊದಲು ಕಲಿಸಬೇಕಿತ್ತು ಎಂದು ನನಗನಿಸುತ್ತದೆ. ವೈದ್ಯರು ಬರೆದಾಗ ಅವರು ಹೇಳಿದಷ್ಟೇ ದಿನ, ಹೆಚ್ಚೂ ಬೇಡ ಕಡಿಮೆಯೂ ಬೇಡ. 2014ರ ಮಾರ್ಚಿನಿಂದ ಕೆಲವು ಆಂಟಿಬಯೋಟಿಕ್‌ಗಳು ಶೆಡ್ಯೂಲ್ ಎಚ್1 ಪಟ್ಟಿಯಲ್ಲಿವೆ. ಅವನ್ನು ಚೀಟಿ ಇಲ್ಲದೆ ಮಾರುವಂತಿಲ್ಲ, ಮಾರಿದ್ದನ್ನು ಅಂಗಡಿಯವರು ರಿಜಿಸ್ಟರಿನಲ್ಲಿ ಬರೆದಿಡಬೇಕು. ಪಟ್ಟಿಯ ಮೇಲೆ ಕೆಂಪು ಗೆರೆ ಕಂಡರೆ ಅದು ಕೇಳಿ ಪಡೆಯುವ ಮಾತ್ರೆಯಲ್ಲ.

ಈ ವಿಷಯವನ್ನು ಮರುದಿನ ತರಗತಿಯಲ್ಲಿ ಹೇಳಿದಾಗ ಅದೇ ವಿದ್ಯಾರ್ಥಿನಿ ಇನ್ನೊಂದು ಪ್ರಶ್ನೆ ಕೇಳಿದಳು: "ಔಷಧಿ ನಿಲ್ಲಿಸಿದರೆ ಬ್ಯಾಕ್ಟೀರಿಯಾ ಪ್ಲಾಸ್ಮಿಡ್ ಬಿಟ್ಟುಬಿಡುತ್ತದಾ ಮಿಸ್?" ಒಳ್ಳೆಯ ಪ್ರಶ್ನೆ. ಪ್ಲಾಸ್ಮಿಡ್ ಹೊರುವುದು ಬ್ಯಾಕ್ಟೀರಿಯಾಕ್ಕೆ ಭಾರ, ಉಪಯೋಗವಿಲ್ಲದಿದ್ದರೆ ಹೊರದವುಗಳು ವೇಗವಾಗಿ ಬೆಳೆದು ಮುಂದೆ ಹೋಗಬೇಕು. ಚೀನಾದಲ್ಲಿ ಕೊಲಿಸ್ಟಿನ್ ಎಂಬ ಔಷಧಿಯನ್ನು ಹಂದಿಗಳು ಬೇಗ ಕೊಬ್ಬಲೆಂದು ಮೇವಿನಲ್ಲಿ ಹಾಕುತ್ತಿದ್ದರು. ಮನುಷ್ಯರಿಗೆ ಅದು ಕಾರ್ಬಪೆನೆಮ್ ಸೋತಾಗ ಕೊಡುವ ಕೊನೆಯ ಔಷಧಿಗಳಲ್ಲೊಂದು. 2015ರಲ್ಲಿ ಅದರ ಪ್ರತಿರೋಧ ಜೀನ್ ಪ್ಲಾಸ್ಮಿಡ್ ಮೇಲೆ ಸಿಕ್ಕಿತು, 2017ರಲ್ಲಿ ಮೇವಿಗೆ ಹಾಕುವುದನ್ನು ನಿಷೇಧಿಸಿದರು. ಹಂದಿಗಳ ಇ. ಕೋಲೈಯಲ್ಲಿ ಶೇ. 34ರಷ್ಟಿದ್ದ ಕೊಲಿಸ್ಟಿನ್ ಪ್ರತಿರೋಧ ಒಂದೆರಡು ವರ್ಷಗಳಲ್ಲಿ ಶೇ. 5ರ ಆಸುಪಾಸಿಗೆ ಇಳಿಯಿತು. ನಮ್ಮ ದೇಶದಲ್ಲೂ 2019ರಿಂದ ಕೋಳಿ ಮತ್ತು ಜಾನುವಾರುಗಳ ಆಹಾರದಲ್ಲಿ ಕೊಲಿಸ್ಟಿನ್‌ಗೆ ನಿಷೇಧವಿದೆ.

ಎಲ್ಲ ಪ್ಲಾಸ್ಮಿಡ್‌ಗಳೂ ಇಷ್ಟು ಸುಲಭವಾಗಿ ಹೋಗುವುದಿಲ್ಲ. ಕೆಲವು ಒಂದು ವಿಷವನ್ನೂ ಅದಕ್ಕೆ ಪ್ರತಿವಿಷವನ್ನೂ ಒಟ್ಟಿಗೆ ತಯಾರಿಸುತ್ತವೆ. ವಿಷ ಬಹಳ ಹೊತ್ತು ಉಳಿಯುತ್ತದೆ, ಪ್ರತಿವಿಷ ಬೇಗ ಕರಗುತ್ತದೆ. ಪ್ಲಾಸ್ಮಿಡ್ ಕಳೆದುಕೊಂಡ ಮರಿ ಬ್ಯಾಕ್ಟೀರಿಯಾದಲ್ಲಿ ಪ್ರತಿವಿಷ ಮುಗಿದು ವಿಷ ಉಳಿದು ಅದು ಸಾಯುತ್ತದೆ. ಅದಲ್ಲದೆ ಒಂದೇ ಪ್ಲಾಸ್ಮಿಡ್‌ನಲ್ಲಿ ಐದು ಜೀನ್‌ಗಳಿದ್ದರೆ ಒಂದು ಔಷಧಿ ನಿಲ್ಲಿಸಿದರೆ ಸಾಲದು, ಉಳಿದ ನಾಲ್ಕರಲ್ಲಿ ಯಾವುದು ನಡೆಯುತ್ತಿದ್ದರೂ ಐದೂ ಜೀನ್‌ಗಳು ಉಳಿಯುತ್ತವೆ. ಎನ್‌ಡಿಎಂ-1 ಹೊತ್ತ ಪ್ಲಾಸ್ಮಿಡ್‌ಗಳಲ್ಲಿ ಬಹುಪಾಲು ಇಂಥವೇ.